ಸಾಗರ ದಾಟಿ ಉಳಿದ ಪದಗಳು

ಎಲೆಯುದುರುವ ಋತುವನ್ನು ಬ್ರಿಟನ್ನಿನವರು ‘ಆಟಮ್’ ಎಂದೂ ಅಮೆರಿಕನ್ನರು ಸಾಮಾನ್ಯವಾಗಿ ‘ಫಾಲ್’ ಎಂದೂ ಕರೆಯುತ್ತಾರೆ. ಬ್ರಿಟಿಷ್ ಇಂಗ್ಲಿಷನ್ನೇ ಪ್ರಮಾಣವೆಂದು ಶಾಲೆಯಲ್ಲಿ ಕಲಿತ ನಾನು, ಎರಡನೆಯದು ಅಮೆರಿಕದ ಹೊಸ ಸೃಷ್ಟಿಯೆಂದು ಬಹುಕಾಲ ನಂಬಿದ್ದೆ.

ವಾಸ್ತವದಲ್ಲಿ ಅದು ಹುಟ್ಟಿದ್ದು ಇಂಗ್ಲೆಂಡಿನಲ್ಲಿಯೇ. ಹಳೆಯ ಇಂಗ್ಲಿಷಿನಲ್ಲಿ ಆ ಕಾಲಕ್ಕೆ ಸುಗ್ಗಿ ಎಂಬರ್ಥದ ‘ಹಾರ್ವೆಸ್ಟ್’ ಪದದ ಪೂರ್ವರೂಪವೇ ಹೆಸರಾಗಿತ್ತು. ಜರ್ಮನ್ನರ ‘ಹೆರ್ಬ್‌ಸ್ಟ್’ ಇಂದಿಗೂ ಆ ನಂಟನ್ನು ಕಾಪಾಡಿಕೊಂಡಿದೆ. ಮುಂದೆ ಲ್ಯಾಟಿನ್ ಮೂಲದ ‘ಆಟಮ್’ ಫ್ರೆಂಚಿನ ಮೂಲಕ ಬಂದಿತು. 16ನೆಯ ಶತಮಾನದಲ್ಲಿ ಎಲೆಗಳ ಉದುರುವಿಕೆಯನ್ನು ಸೂಚಿಸುವ ‘ಫಾಲ್ ಆಫ್ ದ ಲೀಫ್’ ಎಂಬ ಮಾತು ಇಂಗ್ಲೆಂಡಿನಲ್ಲಿ ಬಳಕೆಗೆ ಬಂದು, ‘ಫಾಲ್’ ಎಂದು ಮೊಟಕಾಗಿ, ವಲಸಿಗರೊಂದಿಗೆ ಅಟ್ಲಾಂಟಿಕ್ ದಾಟಿತು. ತವರು ಅದನ್ನು ಕೈಬಿಟ್ಟಿತು, ಹೋದ ಮನೆ ಉಳಿಸಿಕೊಂಡಿತು.

‘ಗೆಟ್’ (ಪಡೆ) ಕ್ರಿಯಾಪದಕ್ಕೆ ಅಮೆರಿಕನ್ನರು ಬಳಸುವ ‘ಗಾಟನ್’ ಎಂಬ ಭೂತಕೃದಂತ ರೂಪದ ಕಥೆಯೂ ಹೀಗೆಯೇ. ಫುಟ್‌ಬಾಲ್ ಆಟಕ್ಕೆ ಅಮೆರಿಕನ್ನರು ಬಳಸುವ ‘ಸಾಕರ್’ ಎಂಬ ಹೆಸರು ಅಮೆರಿಕದ ಸೃಷ್ಟಿಯೆಂಬ ಇಂಗ್ಲಿಷರ ಆಕ್ಷೇಪವಂತೂ ನನಗೆ ನ್ಯಾಯವಾಗಿ ಕಾಣುವುದಿಲ್ಲ, ಏಕೆಂದರೆ 1863ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಫುಟ್‌ಬಾಲ್ ಅಸೋಸಿಯೇಷನ್‌ನ ನಿಯಮಗಳಂತೆ ಆಡುವ ಆಟವನ್ನು ರಗ್ಬಿಯಿಂದ ಬೇರ್ಪಡಿಸಲು, ‘ಅಸೋಸಿಯೇಷನ್’ ಪದದ ನಡುವಿನ ‘ಸಾಕ್’ ಭಾಗಕ್ಕೆ ಪ್ರತ್ಯಯ ಹಚ್ಚಿ ಆ ಹೆಸರನ್ನು ರೂಪಿಸಿದವರು ಇಂಗ್ಲೆಂಡಿನ ವಿದ್ಯಾರ್ಥಿಗಳೇ.