ವಿಮಾನದ ಟಿಕೆಟ್ ತೆಗೆಯೋ ಮೊದಲು ರೈಲಿನ ಟೈಮ್ ನೋಡಿ

ಹೋದ ವರ್ಷ ಮೇ ತಿಂಗಳಲ್ಲಿ ಆಯಿನ್ನ, ಅಂದ್ರೆ ಅಮ್ಮನ್ನ, ದಿಲ್ಲಿಗೆ ತಮ್ಮನ ಮನೆಗೆ ಕಳಿಸೋದಿತ್ತು. ಮೊಬೈಲಲ್ಲಿ ಟಿಕೆಟ್ ನೋಡ್ತಾ ಕೂತಾಗ ಗೋವಾ ಅಂತ ಹಾಕಿದ್ರೆ ಎರಡು ಏರ್‌ಪೋರ್ಟ್ ಬರ್ತದಲ್ಲ, ದಾಬೋಲಿಂ ಒಂದು, ಮೋಪಾ ಒಂದು, ಅದರಲ್ಲಿ ಮೋಪಾದಿಂದ ರಾತ್ರಿ ಹೊರಡೋ ಫ್ಲೈಟು 1,100 ರೂಪಾಯಿ ಕಡಿಮೆ ತೋರಿಸ್ತಿತ್ತು. ಅದನ್ನೇ ಬುಕ್ ಮಾಡುವಾ ಅಂತ ಹೊರಟವಳು, ಯಾಕೋ ಮನಸ್ಸು ಬಂದು ನಮ್ಮ ಕಾರವಾರದ ಕೋಡಿಬಾಗದ ಗಾಡಿಯವರಿಗೆ ಫೋನ್ ಮಾಡಿ ಬಾಡಿಗೆ ಎಷ್ಟಾಗ್ತದೆ ಕೇಳಿದೆ. ದಾಬೋಲಿಂ ಆದ್ರೆ ಮೂರೂವರೆ ಸಾವಿರ, ಮೋಪಾ ಆದ್ರೆ ಐದು ಸಾವಿರ, ರಾತ್ರಿ ಆದ್ರೆ ಮತ್ತೂ ಸ್ವಲ್ಪ ನೋಡ್ಕೊಂಡು ಕೊಡಿ ಅಂದ್ರು. ಅವರದ್ದೂ ತಪ್ಪಲ್ಲ, ಬಿಟ್ಟು ಖಾಲಿ ಗಾಡಿ ವಾಪಸ್ ತರಬೇಕಲ್ಲ. ಆದರೆ 1,100 ಉಳಿಸೋಕೆ ಹೋಗಿ 1,500 ಜಾಸ್ತಿ ಕೊಡೋ ಲೆಕ್ಕ ಅದು, ಟಿಕೆಟ್ ಆ್ಯಪ್‌ನಲ್ಲಿ ಈ ಲೆಕ್ಕ ಎಲ್ಲೂ ಕಾಣೋದಿಲ್ಲ.

ಆವತ್ತಿಂದ ನಾನು ಉಲ್ಟಾ ಮಾಡ್ತಾ ಇದ್ದೇನೆ. ಮೊದಲು ರೈಲು ಬಸ್ಸು ಎಷ್ಟೊತ್ತಿಗೆ ಉಂಟು ನೋಡೋದು, ಆಮೇಲೆ ಅದಕ್ಕೆ ಹೊಂದೋ ಫ್ಲೈಟ್ ಹುಡುಕೋದು. ಫ್ಲೈಟ್ ಟಿಕೆಟ್ ಮುನ್ನೂರು ನಾನ್ನೂರು ಜಾಸ್ತಿ ಆದ್ರೂ ಒಟ್ಟು ಖರ್ಚು ಕಡಿಮೆಯೇ ಬರ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇದು ಬೇರೆಯವರಿಗಿಂತ ಜಾಸ್ತಿ ಬೇಕಾದ ವಿಷಯ, ಯಾಕೆಂದ್ರೆ ನಮಗೆ ನಮ್ಮದೇ ಅಂತ ಏರ್‌ಪೋರ್ಟ್ ಇಲ್ಲ. ಅಂಕೋಲಾ ಹತ್ರ ಅಲಗೇರಿಯಲ್ಲಿ ನೇವಿಯವರ ಜೊತೆ ಸಾಮಾನ್ಯ ಜನಕ್ಕೂ ಒಂದು ಟರ್ಮಿನಲ್ ಅಂತ ಎಷ್ಟು ವರ್ಷದಿಂದ ಕೇಳ್ತಾ ಇದ್ದೇವೆ, ಜಾಗ ಬಿಟ್ಟುಕೊಟ್ಟವರ ನೋವು ಅವರಿಗೇ ಗೊತ್ತು. ಅದು ಬರೋ ತನಕ ಕಾರವಾರದವರು ಗೋವಾಕ್ಕೆ, ಶಿರಸಿ ಯಲ್ಲಾಪುರದವರು ಹುಬ್ಬಳ್ಳಿಗೆ, ಭಟ್ಕಳ ಹೊನ್ನಾವರದವರು ಮಂಗಳೂರಿಗೆ ಅಂತ ಮೂರು ದಿಕ್ಕಿಗೆ ಹೋಗೋದೇ.

ಕಾರವಾರದಿಂದ ಗೋವಾ ದಾರಿ ನಂಗೆ ಚೆನ್ನಾಗಿ ಗೊತ್ತು, ಅದನ್ನೇ ಮೊದಲು ಬರೀತೇನೆ.

ನಮ್ಮ ರೈಲ್ವೆ ಸ್ಟೇಷನ್ ಪೇಟೆಯಲ್ಲಿಲ್ಲ, ಶಿರವಾಡದಲ್ಲಿ. ಅಲ್ಲಿಗೆ ಆಟೋ ಮಾಡಿದ್ರೆ ಮಡಗಾಂವ್ ತನಕ ಹೋಗೋ ರೈಲಿನ ಟಿಕೆಟ್‌ಗಿಂತ ಆಟೋ ಬಾಡಿಗೆಯೇ ಜಾಸ್ತಿ ಆಗ್ತದೆ, ಅದಕ್ಕೆ ಬಸ್ ಸ್ಟ್ಯಾಂಡಿಂದ ಆ ಕಡೆ ಹೋಗೋ ಬಸ್ ಟೈಮ್ ಮೊದಲೇ ಕೇಳಿಟ್ಕೊಳ್ಳಿ. ಮಡಗಾಂವ್‌ಗೆ ರಿಸರ್ವೇಶನ್ ಏನೂ ಬೇಡ, ಜನರಲ್ ಟಿಕೆಟ್ ಸಾಕು, ಡೆಮು (ಲೋಕಲ್ ರೈಲು) ಅಥವಾ ಪ್ಯಾಸೆಂಜರ್ ಹಿಡಿದ್ರೆ ನೂರರ ನೋಟಿಗೆ ಚಿಲ್ಲರೆ ವಾಪಸ್ ಬರ್ತದೆ. ರೈಲ್ವೆಯ ಟಿಕೆಟ್ ಆ್ಯಪ್ ಇದ್ರೆ ಕೌಂಟರಲ್ಲಿ ನಿಲ್ಲೋದೂ ಬೇಡ. ಮಡಗಾಂವ್ ಸ್ಟೇಷನ್‌ನಿಂದ ಗೋವಾ ಸರ್ಕಾರದ ಕದಂಬ ಬಸ್ ಸ್ಟ್ಯಾಂಡ್ ನಡೆದು ಹೋಗೋವಷ್ಟು ಹತ್ರ ಅಲ್ಲ, ಲಗೇಜ್ ಇದ್ರಂತೂ ಆಗೋದಿಲ್ಲ. ಒಬ್ಬರೇ ಇದ್ದು ಬೆನ್ನಿಗೊಂದು ಬ್ಯಾಗ್ ಅಷ್ಟೇ ಇದ್ರೆ ಹಳದಿ ಕಪ್ಪು ಬಣ್ಣದ ಬೈಕಿನವರು ಇರ್ತಾರೆ, ಅಲ್ಲಿ ಅವರಿಗೆ ಪೈಲಟ್ ಅಂತಾರೆ, ಆಟೋಕ್ಕಿಂತ ಕಡಿಮೆಗೆ ಬಿಡ್ತಾರೆ, ಹತ್ತೋ ಮೊದಲು ರೇಟು ಮಾತಾಡಿ ಅಷ್ಟೆ.

ಕದಂಬ ಸ್ಟ್ಯಾಂಡಲ್ಲಿ ದಾಬೋಲಿಂ ಕಡೆ ಹೋಗೋ ವಾಸ್ಕೋ ಶಟಲ್‌ಗೆ ಬೇರೆ ಸಾಲು ಇರ್ತದೆ. ಮೊದಲ ಸಲ ಹೋದಾಗ ನಾನು ಆಯಿನ್ನ ಕರ್ಕೊಂಡು ನೇರ ಬಸ್ ಹತ್ರ ಹೋಗಿ ನಿಂತೆ, ಡ್ರೈವರ್ ಕೈ ಮಾಡಿ ಕೌಂಟರ್ ತೋರಿಸಿದ್ರು, ಅಲ್ಲಿ ಟಿಕೆಟ್ ತಗೊಂಡೇ ಹತ್ತಬೇಕು. ಆಯಿ ಕೈಯಲ್ಲಿ ಅಂಕೋಲೆಯ ಕರಿ ಇಶಾಡು ಮಾವಿನ ಹಣ್ಣಿನ ಡಬ್ಬಿ, ಒಂದೊಂದೇ ಹಣ್ಣನ್ನ ಪೇಪರಲ್ಲಿ ಸುತ್ತಿ ನಡುವೆ ಒಣ ಹುಲ್ಲು ಇಟ್ಟು ಹಗ್ಗ ಕಟ್ಟಿದ್ದು, ಅದನ್ನ ಯಾರ ಕೈಗೂ ಕೊಡೋಕೆ ಒಪ್ಪೋದಿಲ್ಲ. ಸಾಲಲ್ಲಿ ಹಿಂದೆ ನಿಂತಿದ್ದ ಒಬ್ಬ ಹೆಂಗಸು ವಾಸನೆ ಹಿಡಿದೇ ಇಶಾಡು ಅಲ್ವಾ ಅಂತ ಕೊಂಕಣಿಯಲ್ಲಿ ಕೇಳಿದ್ರು, ಅವರು ಮಾಜಾಳಿಯವರಂತೆ, ಮದುವೆಯಾಗಿ ವಾಸ್ಕೋದಲ್ಲಿ ಇದ್ದಾರಂತೆ. ಅವರೇ ನಮ್ಮ ಟಿಕೆಟ್ ತೆಗೆಯುವಾಗ ಏರ್‌ಪೋರ್ಟ್‌ಗೆ ಅಂತ ಹೇಳಿಸಿ, ಇಳಿಯೋ ಜಾಗ ಬಂದಾಗ ಎಬ್ಬಿಸಿ ಕಳಿಸಿದ್ರು. ದಾಬೋಲಿಂ ಏರ್‌ಪೋರ್ಟ್ ವಾಸ್ಕೋಕ್ಕಿಂತ ಮೊದಲೇ ಸಿಗ್ತದೆ, ಸುಮ್ಮನೆ ವಾಸ್ಕೋ ತನಕ ಹೋಗಿ ಮತ್ತೆ ಹಿಂದೆ ಬರೋದು ಬೇಡ, ಹತ್ತುವಾಗಲೇ ಹೇಳಿಡಿ. ಸರ್ಕಲ್‌ನಿಂದ ಟರ್ಮಿನಲ್‌ಗೆ ಸ್ವಲ್ಪ ನಡೀಬೇಕು. ಆಯಿಗೆ 71 ವರ್ಷ, ಡಬ್ಬಿ ಹಿಡ್ಕೊಂಡೇ ನಡೆದಳು.

ಆವತ್ತು ಇಬ್ಬರದ್ದೂ ಸೇರಿ ಮನೆಯಿಂದ ಏರ್‌ಪೋರ್ಟ್ ಗೇಟಿನ ತನಕ ಆದ ಖರ್ಚು, ನಡುವೆ ಕುಡಿದ ಚಾ ಹಿಡಿದು, ನಾನ್ನೂರೂ ದಾಟಿಲ್ಲ. ಗಾಡಿ ಮಾಡಿದ್ರೆ ಮೂರೂವರೆ ಸಾವಿರ. ಉಳಿದ ದುಡ್ಡಲ್ಲಿ ಆಯಿಗೆ ದಿಲ್ಲಿ ಚಳಿಗೆ ಒಂದು ಒಳ್ಳೆ ಸ್ವೆಟರ್ ಬಂತು, ಅವಳು ಮೇ ತಿಂಗಳಲ್ಲಿ ಹೋಗಿ ಡಿಸೆಂಬರ್ ತನಕ ಇರೋಳಿದ್ದಳು.

ರೈಲಿನ ಟೈಮ್ ಹೊಂದದಿದ್ರೆ ಬಸ್ಸಲ್ಲೂ ಹೋಗಬಹುದು. ಕಾರವಾರ ಸ್ಟ್ಯಾಂಡಿಂದ ಮಡಗಾಂವ್, ಪಣಜಿಗೆ ನಮ್ಮ ವಾಯವ್ಯ ಸಾರಿಗೆಯದ್ದೂ ಉಂಟು, ಗೋವಾದ ಕದಂಬದ್ದೂ ಉಂಟು, ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ, ಪೋಳೆಂ, ಕಾಣಕೋಣ ಆಗಿ ಘಟ್ಟ ಹತ್ತಿ ಇಳಿದು ಹೋಗ್ತದೆ. ರೈಲಿಗಿಂತ ನಿಧಾನ, ತಿರುವು ಜಾಸ್ತಿ, ವಾಂತಿ ಬರೋರಿಗೆ ಕಷ್ಟ. ಹೆಂಗಸರು ಒಂದು ನೆನಪಿಡಿ, ಶಕ್ತಿ ಯೋಜನೆ ಕರ್ನಾಟಕದ ಒಳಗೆ ಮಾತ್ರ, ಗೋವಾ ಬಸ್‌ಗೆ ದುಡ್ಡು ಕೊಟ್ಟು ಟಿಕೆಟ್ ತೆಗೀಲೇಬೇಕು. 2024ರ ಆಗಸ್ಟ್ 6ರ ನಡುರಾತ್ರಿ ಕಳೆದು 7ಕ್ಕೆ ಹಳೆ ಕಾಳಿ ಸೇತುವೆ ಬಿತ್ತಲ್ಲ, ಆವತ್ತಿಂದ ನಾನು ಫ್ಲೈಟ್ ಹಿಡಿಯೋ ದಿನ ರಸ್ತೆ ನಂಬ್ಕೊಂಡು ಕಡೇ ಗಳಿಗೆಗೆ ಹೊರಡೋದು ಬಿಟ್ಟಿದ್ದೇನೆ.

ಮೋಪಾ ಬಗ್ಗೆ ಸ್ವಲ್ಪ. 2023ರ ಜನವರಿಯಿಂದ ಅಲ್ಲಿ ವಿಮಾನ ಹಾರ್ತಾ ಉಂಟು, ಏರ್‌ಪೋರ್ಟ್ ಚಂದ ಉಂಟು, ಆದರೆ ಅದು ಗೋವಾದ ಆ ತುದಿ, ಮಹಾರಾಷ್ಟ್ರದ ಹತ್ರ, ನಾವು ಈ ತುದಿ. ನಡುವೆ ಇಡೀ ಗೋವಾ ದಾಟಬೇಕು. ಹೋಗಲೇಬೇಕಾದ್ರೆ ಎರಡು ದಾರಿ. ಕಾರವಾರದಿಂದ ಪೆರ್ನೆಂ ತನಕ ಹೋಗೋ ಡೆಮು ಉಂಟು, ಮೋಪಾಕ್ಕೆ ಹತ್ರದ ಸ್ಟೇಷನ್ ಅದೇ, ಅಲ್ಲಿಂದ ಉಳಿದ ಸ್ವಲ್ಪ ದೂರಕ್ಕೆ ಮಾತ್ರ ಟ್ಯಾಕ್ಸಿ. ಇಲ್ಲ ಅಂದ್ರೆ ಮಡಗಾಂವ್ ಅಥವಾ ಪಣಜಿ ತನಕ ಹೋಗಿ ಕದಂಬದವರ ಏರ್‌ಪೋರ್ಟ್ ಬಸ್ ಹಿಡಿಯೋದು. ಗೋವಾದಲ್ಲಿ ನಮ್ಮ ಬೆಂಗಳೂರಿನ ಹಾಗೆ ಓಲಾ ಊಬರ್ ತೆಗೆದು ಕೂತ್ರೆ ಗಾಡಿ ಬರೋದಿಲ್ಲ, ಅಲ್ಲಿ ಗೋವಾಮೈಲ್ಸ್ ಅನ್ನೋ ಆ್ಯಪ್ ಬೇರೆ, ಇಲ್ಲ ಅಂದ್ರೆ ಪ್ರೀಪೇಡ್ ಕೌಂಟರ್. ನಂಗೆ ಕೇಳಿದ್ರೆ ದಾಬೋಲಿಂ ಟಿಕೆಟ್ ಸಾವಿರ ರೂಪಾಯಿ ಜಾಸ್ತಿ ಇದ್ರೂ ಕಾರವಾರದವರಿಗೆ ಅದೇ ಸಸ್ತಾ. ಬುಕ್ ಮಾಡುವಾಗ ಜಿಓಐ ಅಂದ್ರೆ ದಾಬೋಲಿಂ, ಜಿಓಎಕ್ಸ್ ಅಂದ್ರೆ ಮೋಪಾ, ಎರಡೆರಡು ಸಲ ನೋಡಿ, ಹೋಗೋದು ಒಂದರಿಂದ ಬರೋದು ಇನ್ನೊಂದಕ್ಕೆ ಆದ್ರೆ ಇನ್ನೂ ಫಜೀತಿ.

ಈಗ ತುಂಬಾ ಜನ ಮರೆಯೋದು, ಮಳೆಗಾಲದ ಟೈಮ್ ಟೇಬಲ್. ಕೊಂಕಣ ರೈಲ್ವೆಯಲ್ಲಿ ಮಳೆಗಾಲಕ್ಕೆ ಗಾಡಿಗಳ ವೇಗ ಇಳಿಸ್ತಾರೆ, ಗುಡ್ಡ ಕುಸಿಯೋ ಭಯಕ್ಕೆ, ಹಾಗಾಗಿ ಟೈಮೂ ಬದಲಾಗ್ತದೆ. ಮೊದಲೆಲ್ಲ ಜೂನ್ 10ರಿಂದ ಅಕ್ಟೋಬರ್ 31ರ ತನಕ ಇರ್ತಿತ್ತು, 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20 ಅಂತ ಕಡಿಮೆ ಮಾಡಿದ್ರು. ಮಾರ್ಚಲ್ಲಿ ಕೂತ್ಕೊಂಡು ಜುಲೈ ತಿಂಗಳ ಫ್ಲೈಟ್ ಬುಕ್ ಮಾಡಿ, ರೈಲು ಮಾತ್ರ ಬೇಸಿಗೆ ಟೈಮಲ್ಲೇ ಬರ್ತದೆ ಅಂದ್ಕೊಂಡ್ರೆ ಸ್ಟೇಷನ್‌ಗೆ ಹೋದಾಗ ಗಾಡಿ ಹೋಗಿಯಾಗಿರ್ತದೆ, ಅಥವಾ ಇನ್ನೂ ಎರಡು ಗಂಟೆ ಉಂಟು ಅಂತಾರೆ. ಜುಲೈ ಅಂದ್ರೆ ನಮ್ಮ ಕಡೆ ಬೇರೆಯೇ ಲೆಕ್ಕ. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಬಂದು ಹೈವೇ ಮೇಲೆ ಬಿತ್ತು, ಅಷ್ಟು ಜೀವ ಹೋಯ್ತು, ಆ ರಸ್ತೆ ಎಷ್ಟೋ ದಿನ ಬಂದ್ ಆಗಿ ಮಂಗಳೂರು ಕಡೆ ಹೋಗೋರಿಗೆಲ್ಲ ರೈಲೇ ಗತಿ ಆಯ್ತು. ಅದೇ ತಿಂಗಳು ಅದಕ್ಕೂ ಮೊದಲು ಪೆರ್ನೆಂ ಸುರಂಗದಲ್ಲಿ ನೀರು ಉಕ್ಕಿ ರೈಲೂ ನಿಂತಿತ್ತು. ಅದಕ್ಕೆ ಮಳೆಗಾಲದಲ್ಲಿ ಫ್ಲೈಟ್ ಇದ್ರೆ ನಾನು ಹಿಂದಿನ ದಿನವೇ ಹೋಗಿ ಮಡಗಾಂವಲ್ಲಿ ನೆಂಟರ ಮನೆಯಲ್ಲೋ, ಇಲ್ಲ ಅಂದ್ರೆ ಸ್ಟೇಷನ್‌ನ ರಿಟೈರಿಂಗ್ ರೂಮಲ್ಲೋ ಉಳಿಯೋದು. ಫ್ಲೈಟ್ ತಪ್ಪಿದ್ರೆ ಹೋಗೋ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಶಿರಸಿ ಅಕ್ಕನದ್ದು ಇನ್ನೂ ಸುಲಭ. ಅವಳಿಗೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗೋದಿದ್ರೆ ಹುಬ್ಬಳ್ಳಿ, ಸುಮಾರು ನೂರು ಕಿಲೋಮೀಟರ್. ಕೆಂಪು ಬಸ್ಸಲ್ಲಿ ಆಧಾರ್ ತೋರಿಸಿ ಶೂನ್ಯ ಟಿಕೆಟ್ ತಗೊಂಡು ಕೂತ್ರೆ ಹುಬ್ಬಳ್ಳಿ ತನಕ ಒಂದು ಪೈಸೆ ಇಲ್ಲ. ಶೂನ್ಯ ಟಿಕೆಟ್ ಆದ್ರೂ ಕೇಳಿ ತಗೊಳ್ಳಿ, ಚೆಕಿಂಗ್ ಬಂದಾಗ ಬೇಕು. ಹುಬ್ಬಳ್ಳಿಯ ಹೊಸ ಬಸ್ ಸ್ಟ್ಯಾಂಡ್ ಇರೋದೇ ಗೋಕುಲ ರೋಡ್ ಮೇಲೆ, ಏರ್‌ಪೋರ್ಟೂ ಅದೇ ರೋಡಲ್ಲಿ, ಹಾಗಾಗಿ ಬಸ್ಸು ಎಲ್ಲಿಗೆ ಹೋಗ್ತದೆ ಅಂತ ಕಂಡಕ್ಟರಿಗೆ ಮೊದಲೇ ಕೇಳಿ, ಗೋಕುಲ ರೋಡ್ ಹತ್ರ ಇಳಿದ್ರೆ ಅಲ್ಲಿಂದ ಸಿಟಿ ಬಸ್ಸೋ ಆಟೋನೋ ಸಾಕು. ಅಕ್ಕ ಮೊದಲೆಲ್ಲ "ಏ ತಂಗಿ, ವಿಮಾನದಲ್ಲಿ ಹೋಗೋಳು ಕೆಂಪು ಬಸ್ಸಲ್ಲಿ ಹೋಗೂದಾ" ಅಂತಿದ್ದಳು, ಭಾವನೂ ಕಾರೇ ಆಗಬೇಕು ಅಂತಿದ್ರು. ಈಗ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ಸಮೇತ ಬಸ್ಸಲ್ಲೇ ಹೋಗ್ತಾಳೆ. (ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಚೆಕ್‌ಇನ್ ಬ್ಯಾಗಿಗೇ ಹಾಕಿ.)

ಭಟ್ಕಳ ಹೊನ್ನಾವರ ಕಡೆಯವರು ಗಲ್ಫಿಗೆ ಮಂಗಳೂರಿಂದಲೇ ಜಾಸ್ತಿ ಹೋಗೋದು. ರೈಲಲ್ಲಿ ಮಂಗಳೂರು ಮುಟ್ಟಿ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್ ಹತ್ರದಿಂದ ಏರ್‌ಪೋರ್ಟ್ ಕಡೆಯ ಬಜ್ಪೆ ಬಸ್ ಸಿಗ್ತದೆ, ಆದರೆ ಏರ್‌ಪೋರ್ಟ್ ಗುಡ್ಡದ ಮೇಲೆ, ಬಸ್ಸು ಕೆಳಗೆ ಕೆಂಜಾರಲ್ಲಿ ಇಳಿಸಿದ್ರೆ ಅಲ್ಲಿಂದ ಏರು ಹತ್ತಬೇಕು, ಮೂವತ್ತು ಕೇಜಿ ಡಬ್ಬಿ ಇಟ್ಕೊಂಡು ಆಗೋ ಕೆಲಸ ಅಲ್ಲ. ಆ ಕಡೇ ತುಂಡಿಗೆ ಆಟೋ ಮಾಡ್ಕೊಳ್ಳಿ.

ಇನ್ನು ಬೆಂಗಳೂರಿಂದ ಹೊರದೇಶಕ್ಕೆ ಹೋಗೋರು. ಕಾರವಾರದಿಂದ ಪಂಚಗಂಗಾ ರೈಲಲ್ಲಿ ಸಂಜೆ ಹೊರಟ್ರೆ ಬೆಳಿಗ್ಗೆ ಬೆಂಗಳೂರು, ಮೆಜೆಸ್ಟಿಕ್ಕಿಂದ ಏರ್‌ಪೋರ್ಟ್‌ಗೆ ವಾಯುವಜ್ರ ಬಸ್ಸು ಹಗಲು ರಾತ್ರಿ ಇರ್ತದೆ. ಅದಕ್ಕೆ ಶಕ್ತಿ ನಡೆಯೋದಿಲ್ಲ, ಎಸಿ ಬಸ್ಸು. ನಮ್ಮ ಬಸ್ಸಲ್ಲಿ ಹೋಗೋರಿಗೆ ಒಂದು ಮಾತು, ಬಸ್ಸು ಬರೋದು ತುಮಕೂರು ರೋಡಲ್ಲಿ, ಮೆಜೆಸ್ಟಿಕ್ ತನಕ ಹೋಗಿ ಮತ್ತೆ ಅಷ್ಟು ದೂರ ವಾಪಸ್ ಬರೋ ಬದಲು ಗೊರಗುಂಟೆಪಾಳ್ಯದಲ್ಲಿ ಇಳಿದು ರಿಂಗ್ ರೋಡ್ ಬಸ್ಸಲ್ಲಿ ಹೆಬ್ಬಾಳಕ್ಕೆ ಹೋಗಿ, ಅಲ್ಲಿ ವಾಯುವಜ್ರ ಹತ್ತಿ. ದುಡ್ಡೂ ಉಳೀತದೆ, ಒಂದು ಗಂಟೆ ಟ್ರಾಫಿಕ್ಕೂ ಉಳೀತದೆ.

ಗಾಡಿ ಮಾಡಲೇಬಾರದು ಅಂತ ನಾನು ಹೇಳೋದಿಲ್ಲ. ನಾಲ್ಕು ಜನ ಇದ್ದು, ಸಣ್ಣ ಮಗು ಇದ್ದು, ಆರು ಬ್ಯಾಗ್ ಇದ್ರೆ ಗಾಡಿಯೇ ಸರಿ, ತಲೆಗೆ ಒಂಬೈನೂರರ ಹತ್ರ ಬೀಳ್ತದೆ. ಬಾಣಂತಿ, ಮಂಡಿ ನೋವಿನೋರು, ಆಸ್ಪತ್ರೆಗೆ ಅಂತ ಹೋಗೋರು ಇದ್ರೆ ದುಡ್ಡಿನ ಮುಖ ನೋಡ್ಬೇಡಿ. ರಾತ್ರಿ ಹತ್ತು ಗಂಟೆ ಮೇಲೆ ಇಳಿಯೋ ಫ್ಲೈಟ್ ಆದ್ರೂ ಅಷ್ಟೇ, ಆ ಹೊತ್ತಿಗೆ ಮಡಗಾಂವಿಂದ ಕಾರವಾರಕ್ಕೆ ಬಸ್ಸು ಸಿಗೋದು ಕಷ್ಟ, ಒಬ್ಬಳೇ ಹೆಣ್ಣುಮಗಳು ಆದ್ರೆ ಅಂಥ ಸಾಹಸವೇ ಬೇಡ. ಅದಕ್ಕೇ ಹೇಳೋದು, ವಾಪಸ್ ಟಿಕೆಟ್ ತೆಗೆಯುವಾಗ ಮಧ್ಯಾಹ್ನ ಎರಡು ಗಂಟೆ ಒಳಗೆ ಇಳಿಯೋದು ನೋಡಿ ಅಂತ, ಆಗ ಬ್ಯಾಗ್ ಬರೋದು ತಡ ಆದ್ರೂ ಸಂಜೆ ರೈಲೋ ಬಸ್ಸೋ ಯಾವುದಾದ್ರೂ ಕೈಗೆ ಸಿಗ್ತದೆ.

ಆಯಿ ಈ ವರ್ಷವೂ ದಿಲ್ಲಿಗೆ ಹೋಗಿದ್ದಾಳೆ, ಮುಂದಿನ ವಾರ ಬರ್ತಾಳೆ. ಮಧ್ಯಾಹ್ನ ದಾಬೋಲಿಂಗೆ ಇಳಿಯೋ ಫ್ಲೈಟು, ಬೆಳಿಗ್ಗೆ ಇಳಿಯೋದಕ್ಕಿಂತ 350 ರೂಪಾಯಿ ಜಾಸ್ತಿ ಕೊಟ್ಟೇ ತೆಗೆದದ್ದು. ನಾನು ಬೆಳಿಗ್ಗೆ ಶಿರವಾಡದಿಂದ ಡೆಮು ಹಿಡಿದು ಹೋಗಿ ಗೇಟಲ್ಲಿ ನಿಂತಿರ್ತೇನೆ. ತಮ್ಮ ಫೋನ್ ಮಾಡಿ ಗಾಡಿ ಮಾಡು, ದುಡ್ಡು ನಾನು ಹಾಕ್ತೇನೆ ಅಂದ. ಆಯಿ ಹಿಂದಿನಿಂದ, ಬೇಡ, ಶಟಲ್‌ನಲ್ಲಿ ಕಿಟಕಿ ಬದಿ ಸೀಟು ಸಿಕ್ಕಿದ್ರೆ ಸಾಕು ಅಂತ ಹೇಳೋದು ನಂಗೆ ಫೋನಲ್ಲೇ ಕೇಳ್ತು.