ಅರಲ್‌ನಿಂದ ತುರ್ಕಿಸ್ತಾನಕ್ಕೆ ಸೈಕಲ್: ನಾಲ್ಕನೆಯ ದಿನದ ಲೆಕ್ಕ

ಜೊಸಾಲಿ ತಲುಪಿದ್ದೇನೆ. ಕಜಕಿಸ್ತಾನದ ಅರಲ್ ಪಟ್ಟಣ ಬಿಟ್ಟು ಅದೇ ದೇಶದ ತುರ್ಕಿಸ್ತಾನ ನಗರದತ್ತ ಹೊರಟು ಇಂದಿಗೆ ನಾಲ್ಕು ದಿನ, ಮೀಟರ್ ತೋರಿಸುತ್ತಿರುವುದು 291 ಕಿ.ಮೀ. ಭಾರತೀಯರಿಗೆ ವೀಸಾ ಇಲ್ಲದೆ ಸಿಗುವುದು 14 ದಿನ. ಅದಕ್ಕೆಂದೇ ದಿನಕ್ಕೆ ನೂರು ಎಂದು ಹಾಕಿಕೊಂಡಿದ್ದ ಲೆಕ್ಕ ಎರಡನೆಯ ದಿನವೇ ತಪ್ಪಿತು.

ತಪ್ಪಿಸಿದ್ದು ನೀರು. ಹತ್ತು ಲೀಟರಿನ ಚೀಲವನ್ನು ಹಿಂದಿನ ಕ್ಯಾರಿಯರ್ ಮೇಲೆ ಕಟ್ಟಿದ್ದೆ. ಒಳಗೆ ನೀರು ತುಳುಕಿದಂತೆಲ್ಲ ಸೈಕಲ್ ಬಾಲ ಅಲ್ಲಾಡಿಸುತ್ತಿತ್ತು. ಈಗ ಮುಂದಿನ ಫೋರ್ಕಿನ ಎರಡೂ ಬದಿಗೆ ಎರಡೆರಡು ಲೀಟರ್, ಉಳಿದದ್ದು ಪಕ್ಕದ ಚೀಲಗಳ ತಳದಲ್ಲಿ. ಹ್ಯಾಂಡಲ್ ಸ್ವಲ್ಪ ಭಾರವೆನಿಸುತ್ತದೆ, ಆದರೆ ಓಲಾಟ ನಿಂತಿದೆ. ನಲವತ್ತು ಡಿಗ್ರಿ ದಾಟಿದ ಬಿಸಿಲಿಗೆ ದಿನಕ್ಕೆ ಎಂಟೊಂಬತ್ತು ಲೀಟರ್ ಖರ್ಚು. ಬರೀ ನೀರು ಕುಡಿದು ತಲೆ ತಿರುಗಿದ ಮೇಲೆ ಕುರ್ತ್ ಜೇಬಿಗೆ ಬಂತು: ಹುಳಿ ಮೊಸರನ್ನು ಬಸಿದು, ಉಪ್ಪು ಹಾಕಿ, ಕಲ್ಲಿನಂತೆ ಒಣಗಿಸಿದ ಉಂಡೆ. ಒಂದು ಉಂಡೆ ಕರಗಲು ಐದಾರು ಕಿ.ಮೀ. ಬೇಕು. ಒಂಟೆ ಹಾಲಿನ ಶುಬಾತ್ ಮಾತ್ರ ನನಗೆ ಇನ್ನೂ ಒಗ್ಗಿಲ್ಲ.

ಗಾಳಿ ಎಡದಿಂದ ಬೀಸುತ್ತದೆ. ಇಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಸಾಗುವುದರಿಂದ ನನ್ನನ್ನು ಹಿಂದಿಕ್ಕುವ ಲಾರಿ ಹಾಯುವುದೂ ಎಡದಿಂದಲೇ. ಗಾಳಿಗೆ ಎದುರಾಗಿ ವಾಲಿಕೊಂಡು ತುಳಿಯುತ್ತಿರುವಾಗ ಲಾರಿ ಅಡ್ಡ ಬಂದರೆ ಗಾಳಿ ಥಟ್ಟನೆ ನಿಲ್ಲುತ್ತದೆ, ನಾನು ಅದರ ಚಕ್ರದ ಕಡೆಗೇ ವಾಲುತ್ತೇನೆ. ಮರುಕ್ಷಣ ಲಾರಿ ದಾಟಿತೆಂದರೆ ಬಲಕ್ಕೆ ಏಟು. ಅದಕ್ಕೇ ಕನ್ನಡಿಯಲ್ಲಿ ಲಾರಿ ಕಂಡೊಡನೆ ರಸ್ತೆಯಂಚಿಗೆ ಸರಿದು ಪೆಡಲ್ ನಿಲ್ಲಿಸುತ್ತೇನೆ. ನಾಚಿಕೆಯೇನಿಲ್ಲ.

ಬೆಳಗ್ಗೆ ನಾಲ್ಕೂವರೆಗೆ ಹೊರಟು ಹನ್ನೊಂದಕ್ಕೆ ನಿಲ್ಲಿಸುತ್ತೇನೆ. ಮರವಿಲ್ಲದ ಬಯಲಿನಲ್ಲಿ ನೆರಳೆಂದರೆ ರಸ್ತೆಯಡಿಯ ಮೋರಿ. ನಿನ್ನೆ ಅಂಥದೊಂದಕ್ಕೆ ಸೈಕಲ್ ತಳ್ಳಿಕೊಂಡು ಇಳಿದೆ. ಇಳಿಜಾರು ತುಂಬ ನೆಗ್ಗಿಲು! ಎಲ್ಲಿಯ ಸ್ಟೆಪ್ಪಿ, ಎಲ್ಲಿಯ ನೆಗ್ಗಿಲ ಮುಳ್ಳು ಎಂದು ನಗು ಬಂತು, ಟೈರ್ ತಿರುಗಿಸಿ ಎಣಿಸುವವರೆಗೆ ಮಾತ್ರ. ಹನ್ನೊಂದು. ಹೇಗೆ ಬಿದ್ದರೂ ಒಂದು ಕೊಂಬು ಮೇಲಕ್ಕೇ ನಿಲ್ಲುವ ಕಾಯಿ ಅದು. ಎಲ್ಲವನ್ನೂ ಒಮ್ಮೆಗೇ ಕೀಳಬಾರದಿತ್ತು. ಕಿತ್ತ ಕಡೆಯೆಲ್ಲ ಬುಸ್ ಎಂದಿತು. ಒಂಬತ್ತು ಪ್ಯಾಚ್ ಖರ್ಚಾದವು. ಇನ್ನು ಮೇಲೆ ಡಾಂಬರು ಬಿಟ್ಟರೆ ಚೀಲ ಬಿಚ್ಚಿ, ಸೈಕಲ್ ಹೊತ್ತುಕೊಂಡೇ ಇಳಿಯುವುದು.

ತೊರೆತಾಮ್‌ನಲ್ಲಿ ನಿಂತದ್ದು ನೀರಿಗೆ. 1961ರಲ್ಲಿ ಮೊದಲ ಗಗನಯಾತ್ರಿ ಗಗಾರಿನ್ ಹಾರಿದ್ದು ಈ ಊರಿನ ಆಚೆಯ ಬೈಕೊನೂರ್ ಉಡಾವಣಾ ಕೇಂದ್ರದಿಂದ. ಆ ಹೆಸರು ಮಾತ್ರ ಮುನ್ನೂರು ಕಿ.ಮೀ.ಗೂ ದೂರದ ಗಣಿ ಊರಿನದು. ಪರವಾನಗಿ ಇಲ್ಲದವರಿಗೆ ಕೇಂದ್ರದೊಳಗೆ ಪ್ರವೇಶವಿಲ್ಲ, ಹಾಗಾಗಿ ಮುಂದಕ್ಕೆ.

ಇಂದು ದಾರಿಯಲ್ಲಿ ಕೊರ್ಕಿತ್ ಅತಾ ಸ್ಮಾರಕ. ಕೋಬಿಜ್ ವಾದ್ಯ ನುಡಿಸುತ್ತಿದ್ದನೆಂದು ಐತಿಹ್ಯ ಹೇಳುವ ಗಾಯಕನ ನೆನಪಿಗೆ 1980ರಲ್ಲಿ ಕಟ್ಟಿದ್ದು. ನಡುವಿನ ಲೋಹದ ಕೊಳವೆಗಳು ಗಾಳಿಗೆ ನುಡಿಯುತ್ತವೆ. ಮೂರು ದಿನ ಬೆನ್ನು ಬಿಡದ ಗಾಳಿ ಸರಿಯಾಗಿ ಅಲ್ಲಿಯೇ ಬಿದ್ದುಹೋಯಿತು. ನಲವತ್ತು ನಿಮಿಷ ಕಾದೆ. ಒಂದು ಸ್ವರವೂ ಇಲ್ಲ. ಹೆದ್ದಾರಿಗೆ ಬಂದು ಪೆಡಲ್ ಮೇಲೆ ಕಾಲಿಟ್ಟೆನೋ ಇಲ್ಲವೋ, ಎಡಗಿವಿಯಲ್ಲಿ ಮತ್ತೆ ಭೋರ್ ಎಂದಿತು.

ಉಳಿದಿರುವುದು ಆರು ಪ್ಯಾಚ್. ಮುಂದಿನ ದೊಡ್ಡ ಊರಾದ ಕಿಜಿಲೊರ್ದಾಕ್ಕೆ ಸುಮಾರು 160 ಕಿ.ಮೀ. ಎರಡು ದಿನ ಎಂದುಕೊಂಡಿದ್ದೇನೆ.