ಫೀಟ್ ನಡೀತಾವೇನ್ರಿ?

ಭಾನುವಾರ ಸಂಜೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಕೂಡುತ್ತದೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕಿ ಕಥೆ ಆಡುವ ಆಟ ಅದು. ಡಿಎಂ, ಅಂದರೆ ಕಥೆ ನಡೆಸಿ ತೀರ್ಪು ಹೇಳುವವನು, ನಾನೇ. ಪುಸ್ತಕ ಓದಿಕೊಂಡು ಬಂದ ಹೊಸಬರು ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ: "ಅಣ್ಣಾರ, ನಿಮ್ಮಲ್ಲಿ ಫೀಟ್ ನಡೀತಾವೇನ್ರಿ?"

ಫೀಟ್ ಅಂದರೆ ಪಾತ್ರಕ್ಕೆ ಸಿಗುವ ಒಂದು ವಿಶೇಷ ಸಾಮರ್ಥ್ಯ. ನಡೀತಾವು. ಆದರೆ ಆಡುತ್ತಾ ಆಡುತ್ತಾ ಪಾತ್ರ ಏರುವ ಹಂತಗಳಲ್ಲಿ ನಾಲ್ಕನೆಯದು, ಅಂದರೆ ನಾಲ್ಕನೇ ಲೆವೆಲ್‌ವರೆಗೆ ತಡೀರಿ ಅನ್ನುತ್ತೇನೆ.

ನಾವು ಆಡುವುದು 2014ರ ನಿಯಮ. ಅದರಲ್ಲಿ ಡಿಎಂ ಒಪ್ಪಿದರೆ ಮಾತ್ರ ಫೀಟ್. ನಾಲ್ಕನೇ ಲೆವೆಲ್‌ಗೆ ಶಕ್ತಿಯಂಥ ಒಂದು ಗುಣವನ್ನು 2 ಅಂಕ ಏರಿಸಬಹುದು, ಅದನ್ನು ಬಿಟ್ಟುಕೊಟ್ಟರೆ ಒಂದು ಫೀಟ್. 2024ರ ಪುಸ್ತಕದಲ್ಲಿ ಮೊದಲ ಲೆವೆಲ್‌ಗೇ ಒಂದು ಬರುತ್ತದೆ, ಅಲ್ಲಿ ಈ ಪ್ರಶ್ನೆಯೇ ಇಲ್ಲ. ಚೌಕಾಬಾರದಲ್ಲಿ ಎದುರಾಳಿಯ ಕಾಯಿ ಹೊಡೆಯದೆ ಒಳಗಿನ ಮನೆಗೆ ಹೋಗಬಹುದೋ ಬಾರದೋ ಅಂತ ಒಂದೊಂದು ಮನೆಯಲ್ಲಿ ಒಂದೊಂದು ಕಟ್ಟು ಇರುತ್ತದಲ್ವಾ, ಹಾಗೆಯೇ ಇದು.

ಮೊದಲು ನಾನೂ ಎಲ್ಲ ಬಿಟ್ಟಿದ್ದೆ. ವೇರಿಯಂಟ್ ಹ್ಯೂಮನ್ ಅನ್ನುವ ಮನುಷ್ಯ ಪಾತ್ರಕ್ಕೆ ಒಂದನೇ ಲೆವೆಲ್‌ನಲ್ಲೇ ಫೀಟ್ ಸಿಗುತ್ತದೆ ಅಂತ ಗೊತ್ತಾಗಿದ್ದೇ ತಡ, ಐದು ಮಂದಿಯಲ್ಲಿ ನಾಲ್ಕು ಮಂದಿ ಮನುಷ್ಯರಾದರು! ಎಲ್ಫ್‌ನಂಥ ಬೇರೆ ಕುಲಗಳನ್ನು ಕೇಳುವವರೇ ಇಲ್ಲ.

ಎಲ್ಲರ ಕಣ್ಣೂ ಗ್ರೇಟ್ ವೆಪನ್ ಮಾಸ್ಟರ್ ಅನ್ನುವ ಫೀಟ್ ಮೇಲೆ. ಏಟು ತಗಲಿತೋ ಅಂತ ನೋಡುವ ದಾಳದಲ್ಲಿ 5 ಕಳೆದುಕೊಂಡು ಹೊಡೆದರೆ, ಏಟು ಬಿದ್ದಾಗ ಹಾನಿ 10 ಜಾಸ್ತಿ. ಗಿರ್ಮಿಟ್ ಕಟ್ಟಿಕೊಟ್ಟ ಕಾಗದದ ಹಿಂದೆ ಒಮ್ಮೆ ಲೆಕ್ಕ ಹಾಕಿದೆವು. ನಾಲ್ಕನೇ ಲೆವೆಲ್, ಕೈಯಲ್ಲಿ ಗ್ರೇಟ್‌ಸೋರ್ಡ್ ಅನ್ನುವ ದೊಡ್ಡ ಕತ್ತಿ. ಒಬ್ಬನಿಗೆ ಶಕ್ತಿ 16 ಮತ್ತು ಈ ಫೀಟ್, ಇನ್ನೊಬ್ಬನಿಗೆ ಫೀಟ್ ಇಲ್ಲ, ಶಕ್ತಿ 18. ಕ್ರಿಟಿಕಲ್ ಅನ್ನುವ ಅದೃಷ್ಟದ ಭಾರಿ ಏಟು ಹಿಡಿಯದೆ ನೋಡಿದರೆ, ಆರ್ಮರ್ ಕ್ಲಾಸ್ (ಏಟು ತಗಲಲು ಮುಟ್ಟಬೇಕಾದ ಅಂಕ) 11ರ ಓಗರ್ ರಾಕ್ಷಸನ ಮೇಲೆ ಫೀಟ್‌ನವನ ಒಂದು ಏಟಿನ ಹಾನಿ ಸರಾಸರಿ 10, ಇನ್ನೊಬ್ಬನದು 8.8. ಅದೇ 18ರ ಹಾಬ್‌ಗಾಬ್ಲಿನ್ ಬಂದರೆ ಫೀಟ್ ಬಳಸಿದವನಿಗೆ 3, ಬಳಸದೆ ಹೊಡೆದರೆ 4. ಶಕ್ತಿ ಏರಿಸಿದವನಿಗೆ 4.95. ಗಾಬ್ಲಿನ್‌ಗೆ ಇರುವುದೇ 7 ಹಿಟ್ ಪಾಯಿಂಟ್ (ಜೀವದ ಅಂಕ), ಅದಕ್ಕೆ ಹೆಚ್ಚಿನ 10 ಯಾಕೆ? ಮುಂದಿನ ಲೆವೆಲ್‌ಗಳಲ್ಲಿ, ಜೊತೆಯವರು ದಾಳಕ್ಕೆ ಬಲ ಕೊಡುವ ಬ್ಲೆಸ್ ಮಂತ್ರ ಹಾಕಿಕೊಟ್ಟಾಗ, ತಕ್ಕಡಿ ಫೀಟ್ ಕಡೆ ವಾಲುತ್ತದೆ, ಅದು ನಿಜ. ನನ್ನ ತಕರಾರು ಬಲದ್ದಲ್ಲ. ಪ್ರತಿ ಏಟಿಗೂ "ಐದು ಕಳೀಲ್ಯೋ ಬ್ಯಾಡೋ" ಅಂತ ದೊಡ್ಡ ಕತ್ತಿ ಹಿಡಿದ ಆಟಗಾರ ಯೋಚಿಸುವಷ್ಟರಲ್ಲಿ ನಮ್ಮ ಚಹಾ ಆರಿರುತ್ತದೆ.

ದಾಳ ಮತ್ತೆ ಹಾಕಲು ಬಿಡುವ ಲಕ್ಕಿ ಅನ್ನುವ ಫೀಟ್ ನನಗೆ ಸುಮ್ನೆ ಇಷ್ಟವಿಲ್ಲ. ದಾಳ ಕೈಕೊಟ್ಟಾಗಲೇ ಅಲ್ವಾ ಮಜಾ?

ತಡೀರಿ ಅನ್ನುವುದು ಯಾಕೆ ಅಂದರೆ, ಮೂರು ಲೆವೆಲ್ ಆಡಿದ ಮೇಲೆ ಪಾತ್ರ ಎಂಥದು ಅಂತ ಆಡುವವರಿಗೇ ತಿಳಿಯುತ್ತದೆ. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಕಳ್ಳಿಯ ಪಾತ್ರ ಮಾಡಿದ್ದಳು. ನಮ್ಮಲ್ಲಿ ಗಾಯ ಮಾಯಿಸುವ ಕ್ಲೆರಿಕ್ ಪಾತ್ರ ಇರಲಿಲ್ಲ. ಯಾರು ಬಿದ್ದರೂ ಇವಳೇ ಓಡಿಹೋಗಿ ಪಟ್ಟಿ ಕಟ್ಟುವಳು. ನಾಲ್ಕನೇ ಲೆವೆಲ್‌ಗೆ ಹೀಲರ್ ಫೀಟ್ ತಗೊಂಡಳು. "ಲೇ, ಅದನ್ಯಾಕ ತಗೊಂಡಿ?" ಅಂತ ಎಲ್ಲರೂ ನಕ್ಕರು. ಅದಕ್ಕೆ ಬೇಕಾದ್ದು ಐದು ಚಿನ್ನದ ನಾಣ್ಯದ ಪಟ್ಟಿ ಕಟ್ಟುವ ಕಿಟ್, ಹತ್ತು ಸಲ ಬರುತ್ತದೆ. ಒಂದು ಸಲಕ್ಕೆ ಆರು ಮುಖದ ದಾಳ ಹಾಕಿ ಅದಕ್ಕೆ 4, ಮೇಲೆ ಗಾಯಗೊಂಡವರ ಲೆವೆಲ್ಲು ಕೂಡಿಸಿದರೆ ಅಷ್ಟು ಹಿಟ್ ಪಾಯಿಂಟ್ ವಾಪಸ್. ಒಬ್ಬರಿಗೆ ಒಮ್ಮೆ, ಮತ್ತೆ ಬೇಕಾದರೆ ವಿಶ್ರಾಂತಿ ಆಗಬೇಕು. ಕಳ್ಳರಲ್ಲೇ ಥೀಫ್ ಅನ್ನುವ ಬಗೆಯ ಪಾತ್ರ ಆದ್ದರಿಂದ ಅವಳಿಗೆ ಅದು ಬೋನಸ್ ಆಕ್ಷನ್, ಅಂದರೆ ಸರದಿಯ ಹೆಚ್ಚುವರಿ ಚಿಕ್ಕ ಕೆಲಸದಲ್ಲೇ ಮುಗಿಯುತ್ತಿತ್ತು. ಚಾಕು ಎಸೆದು, ಅದೇ ಸರದಿಯಲ್ಲಿ ಪಟ್ಟಿ.

ಈಗ ದೊಡ್ಡ ಕತ್ತಿಯವನು ಅವಳ ಪಕ್ಕದ ಕುರ್ಚಿಯನ್ನೇ ಹಿಡಿಯುತ್ತಾನೆ. ಮಿರ್ಚಿಯನ್ನೂ ಅವಳಿಗೇ ಮೊದಲು ಕೊಡುತ್ತಾನೆ.